ಗಂಟಣ್ಣನಿಗೆ ಕಾಣದ ಕೆಂಪು

ಗಂಟಣ್ಣನಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕುರುಡನೇನಲ್ಲ; ಸೂಜಿಗೆ ದಾರ ಪೋಣಿಸಿ ಹೆಂಡತಿಗೆ ಕೊಡುತ್ತಿದ್ದವನು ಅವನೇ. ಆದರೆ ಕೆಂಪು, ಕಂದು, ಕಡುಹಸಿರು ಮೂರೂ ಅವನ ಪಾಲಿಗೆ ಒಂದೇ ತಾಯಿಯ ಮಕ್ಕಳು. ಕೆಂಪು ದೀಪ ಹೊತ್ತಿದರೆ ಮಂಕಾದೊಂದು ಹಳದಿ, ಹಳದಿ ದೀಪ ಹೊತ್ತಿದರೆ ಇನ್ನೊಂದು ಹಳದಿ, ಅಷ್ಟೇ. ಹೊಟ್ಟೆಪಾಡಿಗೆ ಅವನು ಹಿಡಿದದ್ದು ಗಾಡಿಗಳ ವೈರಿಂಗ್ ಕೆಲಸ. ಮೂವತ್ತೆಂಟು ವರ್ಷ ಬಣ್ಣಬಣ್ಣದ ವೈರುಗಳ ನಡುವೆ ಕೈಯಾಡಿಸಿಕೊಂಡಿದ್ದರೂ ಈ ಗುಟ್ಟು ಹೆಂಡತಿಯೊಬ್ಬಳನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅವನ ಅಂಗಡಿಯ ಸೀಟು ಸವೆಸಿದ ನನಗೂ ಗೊತ್ತಿರಲಿಲ್ಲ.

ಅವನು ಹೋಗಿ ಏಳು ವಾರವಾಯಿತು. ಅವನ ಬಗ್ಗೆ ಏನಾದರೂ ಬರೆಯಬೇಕೆಂದು ಕೂತಾಗಲೆಲ್ಲ ಮೊದಲ ವಾಕ್ಯದಲ್ಲೇ ಕೈ ನಿಂತುಬಿಡುತ್ತಿತ್ತು. ಕೊನೆಗೆ ಅವನ ಹೆಂಡತಿಯೇ, ನಾನು ಅತ್ತಿಗೆ ಎಂದು ಕರೆಯುವವರು, ದಾರಿ ತೋರಿಸಿದರು. "ಅಳೋ ಅಂಥದ್ದು ಬರೀಬೇಡಿ. ಅವರು ಇದ್ದಾಗ ಈ ಮನೇಲಿ ಅತ್ತಿದ್ದಕ್ಕಿಂತ ನಕ್ಕಿದ್ದೇ ಜಾಸ್ತಿ. ಟ್ರೈಲರಿಗೆ ದೀಪ ಹಾಕಿದ್ದು ಬರೀರಿ. ನೀವು ಮಾಡಿದ್ದೂ ಬರೀರಿ, ಬಿಡಬೇಡಿ."

ಬಿಡುವುದಿಲ್ಲ.

ಬಸ್ ಡಿಪೋದ ಹಿಂದಿನ ಗೋಡೆಗೆ ಒರಗಿಕೊಂಡ ತಗಡಿನ ಅಂಗಡಿ ಅವನದು. ಮುಂದೆ ಒಂದು ಗಾಡಿ ನಿಲ್ಲುವಷ್ಟು ಜಾಗ, ಒಳಗೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲುವಷ್ಟು ಜಾಗ. ಗೋಡೆಯ ಮೊಳೆಗಳಲ್ಲಿ ವೈರಿನ ಸುರುಳಿಗಳು, ಕಪಾಟಿನಲ್ಲಿ ಔಷಧಿ ಡಬ್ಬಿಗಳ ತುಂಬ ಬಲ್ಬು, ಬಾಗಿಲ ಬಳಿ ಯಾವುದೋ ಬಸ್ಸಿನಿಂದ ಕಿತ್ತ ಎರಡು ಆಸನದ ಸೀಟು. ನಾನು ಎರಡು ಬೀದಿಯಾಚೆಯ ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಮಧ್ಯಾಹ್ನ ಅಕ್ಷರಗಳು ಇರುವೆಯಂತೆ ಹರಿದಾಡಲು ಶುರುವಾದರೆ ಎದ್ದು ಅಲ್ಲಿಗೆ ಹೋಗಿ ಆ ಸೀಟಿನಲ್ಲಿ ಕೂರುತ್ತಿದ್ದೆ. "ಬಂದ್ರಪ್ಪಾ ಪಂಡಿತರು. ಇವತ್ತು ಯಾರ ಕಾಗುಣಿತ ಕೊಂದು ಬಂದ್ರಿ?" ಎಂದು ಅವನು ತಲೆ ಎತ್ತದೆ ಕೇಳುತ್ತಿದ್ದ. ಅವನ ತಲೆ ಸಾಮಾನ್ಯವಾಗಿ ಯಾವುದಾದರೊಂದು ಗಾಡಿಯ ಹಿಂಭಾಗದೊಳಗೆ ಇರುತ್ತಿತ್ತು.

ಗಂಟಣ್ಣ ಎಂಬ ಹೆಸರು ಇಟ್ಟವರು ಡಿಪೋದ ಮೆಕ್ಯಾನಿಕ್ಕುಗಳು. ಅವನು ಮುಟ್ಟಿದ ಪ್ರತಿ ವೈರಿನ ತುದಿಯಲ್ಲೂ ಒಂದು ಎಳೆ ದಾರ ಸುತ್ತಿ ಗಂಟು ಹಾಕಿರುತ್ತಿತ್ತು. ಒಂದು ಗಂಟಿದ್ದರೆ ಹಿಂದಿನ ದೀಪ, ಎರಡಿದ್ದರೆ ಬ್ರೇಕ್, ಮೂರಿದ್ದರೆ ಇಂಡಿಕೇಟರ್. ದಾರದ ಬದಲು ಉಣ್ಣೆ ಇದ್ದರೆ ಅದು ನೆಲಕ್ಕೆ, ಅಂದರೆ ಗಾಡಿಯ ಕಬ್ಬಿಣಕ್ಕೆ ಹೋಗುವ ವೈರು. ಯಾರಾದರೂ ಇದೇನೆಂದು ಕೇಳಿದರೆ "ನನ್ನ ಸಹಿ" ಎನ್ನುತ್ತಿದ್ದ. ಐದು ವರ್ಷದ ಮೇಲೆ ಅದೇ ಗಾಡಿ ಮರಳಿ ಬಂದರೆ ಬೇರೆಯವರು ಟಾರ್ಚು ಹಿಡಿದು ಹುಡುಕುವುದನ್ನು ಅವನು ಕಣ್ಣು ಬೇರೆ ಕಡೆ ಇಟ್ಟು, ಕೈ ಮಾತ್ರ ಒಳಗೆ ತೂರಿಸಿ, ನನ್ನೊಡನೆ ಹರಟುತ್ತಲೇ ಮುಗಿಸುತ್ತಿದ್ದ. ಅದು ಕೈಚಳಕವೆಂದು ನಾವೆಲ್ಲ ನಂಬಿದ್ದೆವು. ಕೈಚಳಕವೇ ಹೌದು, ಆದರೆ ಅದರ ಮೂಲ ಅತ್ತಿಗೆ.

ಅತ್ತಿಗೆ ಹೊಲಿಗೆಯವರು. ಮದುವೆಯಾದ ಎರಡನೆಯ ವಾರ ಅವರು ಹೊಸ ಸೀರೆ ಉಟ್ಟು ಹೊರಟಾಗ ಇವನು "ಈ ಹಸಿರು ನಿನಗೆ ಬಹಳ ಒಪ್ಪುತ್ತೆ" ಎಂದನಂತೆ. ಸೀರೆ ಇಟ್ಟಿಗೆ ಕೆಂಪಿನದು. ಅತ್ತಿಗೆ ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಹೊಲಿಗೆ ಮೇಜಿನ ಮೇಲೆ ಹನ್ನೆರಡು ದಾರದ ಉಂಡೆ ಸಾಲಾಗಿಟ್ಟು "ಒಂದೊಂದೇ ಬಣ್ಣ ಹೇಳಿ" ಎಂದರು. ಹನ್ನೆರಡಕ್ಕೆ ಐದು ಸರಿಯಾಯಿತು.

"ಐದು ಪಾಸಲ್ವೇನೇ?" ಎಂದನಂತೆ ಇವನು.

"ಅದರಲ್ಲಿ ಎರಡು ಕಪ್ಪು, ಎರಡು ಬಿಳಿ. ನಾಚಿಕೆ ಆಗಲ್ವಾ ಹೇಳೋಕೆ?"

ಆಮೇಲೆ ಅವನು ಎಲ್ಲ ಬಿಚ್ಚಿ ಹೇಳಿದ. ಕಲಿಯುವ ದಿನಗಳಲ್ಲಿ ಕೆಂಪು ವೈರು ತಾ ಎಂದರೆ ಕಂದು ತಂದು ಗುರುವಿನಿಂದ ಏಟು ತಿಂದದ್ದು. ಬಣ್ಣ ನೋಡದೆ ಪ್ರತಿ ವೈರನ್ನೂ ಕರೆಂಟು ಇದ್ದರೆ ಹೊತ್ತುವ ಟೆಸ್ಟ್ ಲ್ಯಾಂಪಿಗೆ ಮುಟ್ಟಿಸಿ ನೋಡುವುದನ್ನು ರೂಢಿಸಿಕೊಂಡದ್ದು. ಡ್ರೈವಿಂಗ್ ಲೈಸೆನ್ಸಿಗೆಂದು ಹೋದಾಗ ಬಣ್ಣಬಣ್ಣದ ಚುಕ್ಕಿಗಳ ಪುಸ್ತಕದಲ್ಲಿ ಅಡಗಿದ ಅಂಕಿ ಓದಲು ಹೇಳಿದ್ದಕ್ಕೆ ಹೊಟ್ಟೆನೋವೆಂದು ಎದ್ದು ಬಂದದ್ದು. ಅತ್ತಿಗೆ ಗುಂಡಿ ಹೊಲಿಯುವ ದಪ್ಪ ದಾರ ಕತ್ತರಿಸಿ ಅವನ ಕೈಗೆ ಕೊಟ್ಟು ಹೇಳಿದ್ದು ಇಷ್ಟೇ: "ಕಣ್ಣು ಕೆಲಸ ಮಾಡದಿದ್ರೆ ಬೆರಳಿಗೆ ಕೊಡಿ." ಲೈಸೆನ್ಸನ್ನು ಅವರೇ ಹೋಗಿ ಪಡೆದು ಬಂದರು. ಊರಿನ ಗಾಡಿಗಳಿಗೆಲ್ಲ ದೀಪ ಹಚ್ಚುವವನು ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಾನೆಂದು ಡಿಪೋದವರು ಆಡಿಕೊಂಡರೆ, "ರಾಜರು ಯಾವತ್ತಾದ್ರೂ ರಥದ ಲಗಾಮು ಹಿಡಿದಿದ್ದು ನೋಡಿದ್ದೀರಾ? ಹಿಂದೆ ಕೂರ್ತಿದ್ರು" ಎಂದು ಬಾಯಿ ಮುಚ್ಚಿಸುತ್ತಿದ್ದ.

ನಗುತ್ತಲೇ ಇದ್ದನಾದರೂ ಒಳಗೊಂದು ಹೆದರಿಕೆ ಇತ್ತು. ಅವನ ಅಂಗಡಿಯ ಅರ್ಧ ಕೆಲಸ ಶಾಲಾ ವ್ಯಾನುಗಳದ್ದು. ನಾಲ್ಕು ವ್ಯಾನಿನ ಮಾಲೀಕನೊಬ್ಬ, ದಪ್ಪ ಮೀಸೆಯ ಮಿತಭಾಷಿ, ಎಲ್ಲರ ಬಾಯಲ್ಲಿ ವ್ಯಾನಪ್ಪ, ವರ್ಷಗಳಿಂದ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಮಕ್ಕಳನ್ನು ತುಂಬಿಕೊಂಡು ಹೋಗುವ ಗಾಡಿಗೆ ಬಣ್ಣ ಗೊತ್ತಾಗದವನು ಬ್ರೇಕ್ ದೀಪ ಹಾಕುತ್ತಾನೆಂದು ತಿಳಿದರೆ ಆತ ನಿಲ್ಲುತ್ತಾನೆಯೇ? ಆತ ಹೋದರೆ ಉಳಿದವರು ನಿಲ್ಲುತ್ತಾರೆಯೇ? "ಮಾತು ಹೊರಗೆ ಬಿದ್ರೆ ಅಂಗಡಿ ಬಾಗಿಲು ಬಿತ್ತು" ಎಂದು ಅವನು ಅತ್ತಿಗೆಯ ಹತ್ತಿರ ಎಷ್ಟೋ ಸಲ ಹೇಳಿದ್ದನಂತೆ.

ಇನ್ನು ಟ್ರೈಲರಿನ ಕಥೆ. ಕಾರಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಪುಟ್ಟ ಮನೆ ಅದು. ಎರಡು ಕಿಟಕಿ, ಮಡಚುವ ಮಂಚ, ಒಂದು ಒಲೆ, ಕೈತೊಳೆಯುವ ತೊಟ್ಟಿ. ಮೊದಲು ಅದು ಊರೂರು ಸುತ್ತುವ ಹಲ್ಲಿನ ಡಾಕ್ಟರೊಬ್ಬರದ್ದಾಗಿತ್ತು; ಅವರು ನಿವೃತ್ತರಾದಾಗ ಗಂಟಣ್ಣ ತಂದ. ಕುರ್ಚಿ ಕಿತ್ತ ಜಾಗದಲ್ಲಿ ನೆಲದ ಮೇಲೆ ನಾಲ್ಕು ಬೋಲ್ಟಿನ ತೂತು ಇನ್ನೂ ಇವೆ. "ಒಳಗೆ ಮಲಗಿದ್ರೆ ಬಾಯಿ ತಾನಾಗೇ ತೆಗೆದುಕೊಳ್ಳುತ್ತೆ" ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ವರ್ಷಕ್ಕೊಮ್ಮೆ ಗಂಡಹೆಂಡತಿ ಅದನ್ನು ಕಟ್ಟಿಕೊಂಡು ಕಡಲ ತೀರಕ್ಕೆ ಹೋಗಿ ಎಂಟು ದಿನ ಇದ್ದು ಬರುತ್ತಿದ್ದರು.

ಅದರ ಹಿಂದಿನ ದೀಪಗಳು ಡಾಕ್ಟರ ಕಾಲದವು. ಬಲ್ಬಿನ ತಂತಿ ರಸ್ತೆಯ ಕುಲುಕಾಟಕ್ಕೆ ತುಂಡಾಗುವುದು, ನೀರು ಹೊಕ್ಕು ಹೋಲ್ಡರು ತುಕ್ಕು ಹಿಡಿಯುವುದು, ಇವನು ಉಜ್ಜಿ ಹೊಸ ಬಲ್ಬು ಹಾಕುವುದು, ಹೀಗೇ ನಡೆದಿತ್ತು. ಒಂದು ವರ್ಷ ಕಡಲಿಂದ ಮರಳುವಾಗ ಲಾರಿಯವನೊಬ್ಬ ಇವರನ್ನು ದಾಟಿ ಬಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದನಂತೆ: "ಏನಮ್ಮಾ, ಹಿಂದೆ ಕಟ್ಟಿರೋದು ದೀಪಾನೋ ಮಿಂಚುಹುಳಾನೋ? ಇನ್ನೊಂದು ಮಾರು ಮುಂದೆ ಬಂದಿದ್ರೆ ನಿಮ್ಮ ಮಂಚದ ಮೇಲೆ ನಾನು ಮಲಗಿರ್ತಿದ್ದೆ."

ಅತ್ತಿಗೆ ಅಂದೇ ತೀರ್ಮಾನ ಮಾಡಿದರು. "ಎಲ್‌ಇಡಿ ಹಾಕಿ. ಇಲ್ಲ ಅಂದ್ರೆ ನೀವು ಮಂಚದ ಮೇಲೆ ಲಾರಿಯವನ ಜೊತೆ ಮಲಗಿ, ನಾನು ಬಸ್ಸಲ್ಲಿ ಬರ್ತೀನಿ."

ಅವನು ವರ್ಷವಿಡೀ ಮುಂದಕ್ಕೆ ಹಾಕಿದ. ಅದಕ್ಕೆ ನನ್ನ ಮುಂದೆ ಕೊಟ್ಟ ಕಾರಣಗಳು ಒಂದೊಂದು ದಿನ ಒಂದೊಂದು. ಬಲ್ಬು ಸಾಯುವಾಗಲೂ ಹೇಳಿ ಸಾಯುತ್ತೆ, ಎಲ್‌ಇಡಿ ಹೇಳದೆ ಸಾಯುತ್ತೆ ಎಂದ. ಬಲ್ಬಿಗೆ ಹಿಂದುಮುಂದಿಲ್ಲ, ಎತ್ತ ಕೊಟ್ಟರೂ ಹೊತ್ತುತ್ತೆ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಮುನಿಸಿಕೊಂಡು ಕೂರುತ್ತೆ ಎಂದ. ನಿಜವಾದ ಕಾರಣ ಬೇರೆ. ಹಳೆಯ ದೀಪಗಳಲ್ಲಿ ಗಾಜಿಗೇ ಬಣ್ಣ, ಗಾಜಿನ ಆಕಾರ ನೋಡಿ ಯಾವುದು ಯಾವುದೆಂದು ಅವನು ಗುರುತು ಹಿಡಿಯುತ್ತಿದ್ದ. ಟ್ರೈಲರಿಗೆ ಹೊಂದುತ್ತಿದ್ದ ಹೊಸ ಎಲ್‌ಇಡಿಗಳು ದುಂಡಗೆ, ಅಂಗೈಯಗಲ, ಎಲ್ಲದರ ಗಾಜೂ ನೀರಿನಂತೆ ತಿಳಿ. ಹೊತ್ತಿದಾಗ ಮಾತ್ರ ಬಣ್ಣ. ಒಂದು ಮಗ್ಗುಲಿಗೆ ಮೂರರಂತೆ ಆರು ದೀಪ. ನಾಲ್ಕು ಕೆಂಪು, ಎರಡು ಹಳದಿ.

ಗಾಡಿಯ ವಾರ್ಷಿಕ ತಪಾಸಣೆಯ ದಿನ ನಿಗದಿಯಾಯಿತು, ಕಡಲಿಗೆ ಹೊರಡುವ ದಿನವೂ ಅದೇ. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಅತ್ತಿಗೆ ಒಂದು ಬ್ಯಾಟರಿಯನ್ನು ಹೊಲಿಗೆ ಮೇಜಿನ ಮೇಲಿಟ್ಟುಕೊಂಡು ಆರೂ ದೀಪಗಳನ್ನು ಹೊತ್ತಿಸಿ ನೋಡಿ, ಅವುಗಳ ಬಾಲದಂಥ ವೈರಿಗೆ ದಾರ ಸುತ್ತಿ, ಒಂದು, ಎರಡು, ಮೂರು ಗಂಟು ಹಾಕಿ, ಮೈನಸ್ಸಿಗೆ ಉಣ್ಣೆ ಕಟ್ಟಿ, ತಟ್ಟೆಯಲ್ಲಿ ಸಾಲಾಗಿ ಜೋಡಿಸಿಟ್ಟರು. ಆಸ್ಪತ್ರೆಯೊಂದರ ಸಿಬ್ಬಂದಿಗೆ ಸಮವಸ್ತ್ರದ ಅಳತೆ ತೆಗೆದುಕೊಳ್ಳಲು ಹೋಗಬೇಕಿತ್ತು, ಹೋದರು. ನನಗೆ ರಜೆ. ಸಹಾಯಕ್ಕೆಂದು ನಾನು ಬಂದೆ.

ಗಂಟಣ್ಣ ಮನೆಯ ಹಿಂದಿನ ಅಂಗಳದಲ್ಲಿ ಟ್ರೈಲರಿನ ಬೆನ್ನ ಮೇಲಿನ ಹಳೆಯ ದೀಪಗಳನ್ನು ಕಿತ್ತು, ತೂತುಗಳನ್ನು ಅರದಿಂದ ಅಗಲಿಸುತ್ತಿದ್ದ. ನನಗೆ ಸುಮ್ಮನೆ ಕೂತು ಗೊತ್ತಿಲ್ಲ. ತಟ್ಟೆ ನೋಡಿದೆ. ಹೊಚ್ಚ ಹೊಸ ದೀಪಗಳಿಗೆ ಎಳೆ ಎಳೆ ದಾರ, ಉಣ್ಣೆ ಚೂರು. ಹೊಲಿಗೆ ಮನೆಯ ಕಸ ಅಂಟಿಕೊಂಡಿದೆ ಎಂದುಕೊಂಡೆ. ಅಂಗಡಿಯಲ್ಲಿ ಗಾಡಿಯ ವೈರಿನ ಗಂಟು ನೋಡಿದ್ದೆನೇ ಹೊರತು ಅವನಿನ್ನೂ ಮುಟ್ಟದ ದೀಪಕ್ಕೆ ಗಂಟು ಬರುತ್ತದೆಂದು ನನಗೆ ಹೊಳೆಯಲಿಲ್ಲ. ಕತ್ತರಿ ಪಕ್ಕದಲ್ಲೇ ಇತ್ತು. ಒಂದೊಂದನ್ನೂ ಎತ್ತಿ, ವೈರಿಗೆ ಗಾಯವಾಗದಂತೆ, ಕರಡಿನಲ್ಲಿ ಹೆಚ್ಚುವರಿ ಅಲ್ಪವಿರಾಮ ತೆಗೆಯುವಷ್ಟು ಎಚ್ಚರದಿಂದ ಎಲ್ಲ ದಾರವನ್ನೂ ಕತ್ತರಿಸಿ, ದೀಪಗಳನ್ನು ಬಟ್ಟೆಯಿಂದ ಒರೆಸಿ ಮತ್ತೆ ತಟ್ಟೆಯಲ್ಲಿಟ್ಟೆ. ಇಡುವಾಗ ಸಾಲು ಕಲಸಿತು.

ಗಂಟಣ್ಣ ಬಂದು ತಟ್ಟೆಗೆ ಕೈ ಹಾಕಿದ. ಬೆರಳು ವೈರಿನ ಉದ್ದಕ್ಕೂ ಒಮ್ಮೆ ಹೋಗಿ ಬಂತು, ಇನ್ನೊಮ್ಮೆ ಹೋಗಿ ಬಂತು.

"ದಾರ ಇತ್ತಲ್ಲ?"

"ಕಸ ಇತ್ತು. ಎಲ್ಲ ತೆಗೆದು ಒರೆಸಿ ಇಟ್ಟಿದ್ದೀನಿ" ಎಂದೆ, ಶಹಬ್ಬಾಸ್ ನಿರೀಕ್ಷಿಸುತ್ತ.

ಅವನು ನನ್ನನ್ನು ನೋಡಿದ ನೋಟದ ಅರ್ಥ ನನಗೆ ಆಗ ಆಗಲಿಲ್ಲ. "ಒಳ್ಳೇದು ಮಾಡಿದೆ" ಎಂದ. ಆಮೇಲೆ ಹೋಗಿ ಹಳೆಯ ಬ್ಯಾಟರಿ ತಂದು ದೀಪಗಳನ್ನು ಒಂದೊಂದಾಗಿ ಮುಟ್ಟಿಸತೊಡಗಿದ.

"ಅತ್ತಿಗೆ ನೋಡಿದ್ದಾರಲ್ಲ, ಮತ್ತೆ ಯಾಕೆ?"

"ಇನ್ನೊಂದು ಸಲ ನೋಡಿದ್ರೆ ದೀಪ ಸವೆಯುತ್ತಾ?" ಒಂದನ್ನು ಹೊತ್ತಿಸಿ ನನ್ನ ಮುಖಕ್ಕೆ ಹಿಡಿದ. "ಇದು ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ?"

"ಒಳ್ಳೆ ಬೆಳಕು."

ಇನ್ನೊಂದು ಹಿಡಿದ. "ಇದು?"

"ಇದೂ ಒಳ್ಳೆ ಬೆಳಕೇ."

"ಎರಡಕ್ಕೂ ವ್ಯತ್ಯಾಸ ಏನಾದ್ರೂ ಕಾಣುತ್ತಾ?"

"ಒಂದೇ ಕಂಪನಿಯದ್ದಲ್ವಾ? ವ್ಯತ್ಯಾಸ ಯಾಕೆ ಬರುತ್ತೆ?"

"ನೀನು ಇಷ್ಟು ಪುಸ್ತಕ ಓದಿದೀಯಲ್ಲ, ಒಂದು ದೀಪ ನೋಡಿದ್ರೆ ವರ್ಣನೆ ಮಾಡೋಕೆ ಬರಲ್ವಾ?"

ಕಣ್ಣಿಗೆ ರಾಚುವಂತಿದೆ, ಸೌಮ್ಯವಾಗಿದೆ, ತೀಕ್ಷ್ಣವಾಗಿದೆ ಎಂದು ಆರು ದೀಪಕ್ಕೆ ಆರು ವಿಶೇಷಣ ಕೊಟ್ಟೆ. ಬಣ್ಣವೊಂದನ್ನು ಬಿಟ್ಟು ಎಲ್ಲ ಹೇಳಿದೆ. ಕಣ್ಣೆದುರು ಕೆಂಪಗೆ ಉರಿಯುವುದನ್ನು ಕೆಂಪು ಎಂದು ಒಬ್ಬ ಎಲೆಕ್ಟ್ರಿಷಿಯನ್ನಿಗೆ ಯಾರಾದರೂ ಹೇಳುತ್ತಾರೆಯೇ? ಅವನು ನಿಟ್ಟುಸಿರು ಬಿಟ್ಟು, ಮಂಕಾಗಿ ಕಂಡದ್ದು ಕೆಂಪು, ಚುರುಕಾಗಿ ಕಂಡದ್ದು ಹಳದಿ ಎಂದು ಮನಸ್ಸಿನಲ್ಲೇ ವಿಂಗಡಿಸಿದ. ಹಳೆಯ ಬ್ಯಾಟರಿ ಅಷ್ಟರಲ್ಲಿ ಇಳಿಯುತ್ತ ಬಂದಿತ್ತು. ಕೊನೆಗೆ ಮುಟ್ಟಿಸಿದ ದೀಪ ಹಳದಿಯದು, ಅದೂ ಮಂಕಾಗಿಯೇ ಹೊತ್ತಿ ಕೆಂಪಿನ ಸಾಲಿಗೆ ಸೇರಿತು; ಬ್ಯಾಟರಿ ಚುರುಕಾಗಿದ್ದಾಗ ಮೊದಲು ಹೊತ್ತಿಸಿದ ಒಂದು ಕೆಂಪು ಅವನಿಗೆ ಹಳದಿಯಾಯಿತು. ಇದೆಲ್ಲ ಅವನು ನನಗೆ ಹೇಳಿದ್ದು ಆಮೇಲೆ.

ಉಳಿದ ಕೆಲಸ ನೋಡುವಂತಿತ್ತು. ಟ್ರೈಲರಿನ ಕಬ್ಬಿಣವನ್ನು ಬಣ್ಣ ಹೋಗಿ ಹೊಳೆಯುವವರೆಗೆ ಉಜ್ಜಿ ನೆಲದ ವೈರು ಬಿಗಿದ. ಪ್ರತಿ ಬೆಸುಗೆಯ ಮೇಲೂ ಪುಟ್ಟ ಕೊಳವೆ ತೊಡಿಸಿ ಬಿಸಿ ಮಾಡಿ ಅದು ಕುಗ್ಗಿ ಮೈಗಂಟುವುದನ್ನು ಕಾದ. ದೀಪದ ಸುತ್ತ ನೀರು ಹೊಗದಂತೆ ರಬ್ಬರ್ ಅಂಟು ಹಚ್ಚಿ ಬೆರಳಿಂದ ನಯಗೊಳಿಸಿದ. ಕಾರಿಗೆ ಪ್ಲಗ್ಗು ಸಿಕ್ಕಿಸಿ ಇಂಡಿಕೇಟರ್ ಹಾಕಿದರೆ ಅದು ಓಡಿ ಬಂದವನ ಎದೆಯಂತೆ ಡವಡವ ಹೊಡೆದುಕೊಂಡಿತು. "ಎಲ್‌ಇಡಿ ಕರೆಂಟು ಕಡಿಮೆ ತಿನ್ನುತ್ತೆ. ಅದಕ್ಕೇ ಕಾರಿಗೆ ಬಲ್ಬು ಸತ್ತಿದೆ ಅಂತ ಗಾಬರಿ" ಎಂದು ವಿವರಿಸಿ, ಬಲ್ಬಿನಷ್ಟೇ ಕರೆಂಟು ತಿನ್ನುವ ಒಂದು ರೆಸಿಸ್ಟರು ಕೂರಿಸಿ ಕಾರಿಗೆ ಸಮಾಧಾನ ಹೇಳಿದ.

ಕೊನೆಗೆ ಅವನು ಕಾರಿನೊಳಗೆ ಕೂತು ಪೆಡಲು ಒತ್ತಿದ. ನಾನು ಹಿಂದೆ ನಿಂತೆ.

"ಹೊತ್ತಿತಾ?"

"ಹೊತ್ತಿತು."

"ಎಡಕ್ಕೆ?"

"ಮಿನುಗ್ತಿದೆ."

ಎಡಗಡೆ ಮಿನುಗಿದ್ದು ಕೆಂಪು, ಬಲಗಡೆ ಮಿನುಗಿದ್ದು ಹಳದಿ. ಬ್ರೇಕ್ ಒತ್ತಿದರೆ ಎಡಕ್ಕೆ ಹಳದಿ, ಬಲಕ್ಕೆ ಕೆಂಪು. ನಾನು ನೋಡಿದೆ. ಒಂದು ದೀರ್ಘ ತಪ್ಪಿದರೆ ಪುಟವೆಲ್ಲ ನಿಲ್ಲಿಸುವ ನಾನು ನೋಡಿಯೂ ಸುಮ್ಮನಿದ್ದೆ. ಮೀನಿಗೆ ಈಜು ಕಲಿಸುವುದೇ ಎಂದು. ಎಡಕ್ಕೂ ಬಲಕ್ಕೂ ಬೇರೆ ಬೇರೆ ಇರಬೇಕೆಂದು ಹೊಸ ನಿಯಮ ಬಂದಿರಬಹುದು, ಅವನಿಗೆ ಗೊತ್ತಿರುತ್ತದೆ ಎಂದುಕೊಂಡೆ. ಅವನು ನನ್ನನ್ನು ಕೇಳಲು ನಾಚಿದ, ನಾನು ಅವನಿಗೆ ಹೇಳಲು ನಾಚಿದೆ. ಸಂಜೆ ಟ್ರೈಲರಿನ ಬೆನ್ನು ಗೋಡೆಗೆ ತಾಗುವಂತೆ ಶೆಡ್ಡಿನೊಳಗೆ ತಳ್ಳಿದೆವು. ಅತ್ತಿಗೆ ಬಂದು "ಆಯ್ತಾ?" ಎಂದರು. ನಾನು ಎದುರಿಗೇ ಕೂತಿದ್ದೆ. ಅವನು "ಆಯ್ತು" ಎಂದ.

ಮರುದಿನ ತಪಾಸಣೆಯ ಅಂಗಳದಲ್ಲಿ ಏಳೆಂಟು ಗಾಡಿಗಳ ಸಾಲು. ನಮ್ಮ ಹಿಂದೆಯೇ ವ್ಯಾನಪ್ಪ ತನ್ನ ಎರಡು ವ್ಯಾನುಗಳೊಡನೆ ನಿಂತಿದ್ದ. ಇನ್ಸ್‌ಪೆಕ್ಟರು ಒಬ್ಬ ಹೆಂಗಸು. ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡು, ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ ಗಾಡಿಗಳನ್ನು ಮಾತ್ರ ನೋಡುವಾಕೆ. ಅತ್ತಿಗೆ ಸ್ಟಿಯರಿಂಗ್ ಹಿಡಿದಿದ್ದರು.

"ಎಡಕ್ಕೆ ಹಾಕಿ. ತೆಗೀರಿ. ಮತ್ತೆ ಹಾಕಿ. ಬ್ರೇಕ್." ಆಕೆ ಕನ್ನಡಕ ಏರಿಸಿದಳು. "ಇದನ್ನ ಯಾರು ಕೂರಿಸಿದ್ದು?"

"ನಾನೇ ಮೇಡಂ" ಎಂದು ಗಂಟಣ್ಣ ಮುಂದೆ ಬಂದ.

"ಎಡಗಡೆ ಇಂಡಿಕೇಟರ್ ಯಾವ ಬಣ್ಣ ಇದೆ, ನೋಡಿ ಹೇಳಿ."

ಅವನು ಬಗ್ಗಿ ನೋಡಿದ. ಅತ್ತಿಗೆ ಕಾರಿನಿಂದ ಇಳಿದು ಹಿಂದಕ್ಕೆ ಬಂದವರು ಒಮ್ಮೆ ಕಣ್ಣಾಡಿಸಿದ್ದೇ ಹೇಳಿದರು: "ನನ್ನ ತಪ್ಪು ಮೇಡಂ. ದೀಪ ಜೋಡಿಸಿ ಇಟ್ಟವಳು ನಾನು."

ಆಗ ನನಗೂ ಏನೋ ಎಡವಟ್ಟಾಗಿದೆ ಎನ್ನಿಸಿತು. "ಇಲ್ಲ ಮೇಡಂ, ನಿನ್ನೆ ಹಿಂದೆ ನಿಂತು ನೋಡಿದವನು ನಾನು" ಎಂದೆ.

"ಮೂರು ಜನ ಸೇರಿ ಒಂದು ದೀಪ ಕೂರಿಸಿದ್ರಾ?" ಆಕೆ ಪೆನ್ನು ತೆಗೆದಳು. "ಇರಲಿ ಬಿಡಿ. ಅವಸರದಲ್ಲಿ ಆಗಿರೋ ತಪ್ಪು ಅಂತ ಬರೀತೀನಿ. ಮನೆಗೆ ಹೋಗಿ ಸರಿ ಮಾಡಿಸ್ಕೊಂಡು ಮಧ್ಯಾಹ್ನ ಬನ್ನಿ."

ಅಲ್ಲಿಗೆ ಮುಗಿಯುತ್ತಿತ್ತು. ಒಂದು ತಲೆಯಾಡಿಸಿದ್ದರೆ ಸಾಕಿತ್ತು. ಅತ್ತಿಗೆ ಅವನ ಅಂಗಿಯ ತೋಳು ಹಿಡಿದು ಎಳೆದರು ಕೂಡ. ಗಂಟಣ್ಣ ಅಲುಗಲಿಲ್ಲ.

"ಅವಸರ ಅಂತ ಬರೀಬೇಡಿ ಮೇಡಂ."

"ಮತ್ತೇನು ಬರೀಲಿ?"

"ಮೂವತ್ತೆಂಟು ವರ್ಷದಲ್ಲಿ ನಾನು ಒಂದು ಸ್ಕ್ರೂ ಕೂಡ ಅವಸರದಲ್ಲಿ ತಿರುಗಿಸಿಲ್ಲ. ಯಾರನ್ನ ಬೇಕಾದ್ರೂ ಕೇಳಿ." ಹಿಂದೆ ನಿಂತ ವ್ಯಾನಪ್ಪನನ್ನು ಒಮ್ಮೆ ನೋಡಿದ. "ನನಗೆ ಕೆಂಪು ಗೊತ್ತಾಗಲ್ಲ. ಹುಟ್ಟಿನಿಂದ. ಅದು ಬರೀರಿ."

ಸಾಲಿನಲ್ಲಿದ್ದವರು ಯಾರೋ ಎಂಜಿನ್ ಆರಿಸಿದರು. ನಾನು ಇಪ್ಪತ್ತು ವರ್ಷದ ಬೆರಳುಗಳನ್ನೂ ದಾರಗಳನ್ನೂ ಒಮ್ಮೆಲೇ ನೆನೆದೆ. ನಿನ್ನೆಯ ಕತ್ತರಿಯನ್ನೂ ನೆನೆದೆ. ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಇನ್ಸ್‌ಪೆಕ್ಟರು ಮೊದಲ ಬಾರಿಗೆ ಮನುಷ್ಯನ ಮುಖ ನೋಡಿದಳು. "ಹಾಗಾದ್ರೆ ಇಷ್ಟು ವರ್ಷ ಹೇಗೆ ಮಾಡಿದ್ರಿ?"

ಅವನು ಜೇಬಿನಿಂದ ಒಂದು ತುಂಡು ದಾರ ತೆಗೆದು, ಗಂಟು ಹಾಕಿ, ಒಂದು, ಎರಡು, ಮೂರು ಎಂದು ಶಾಲೆಯ ಪಾಠದಂತೆ ವಿವರಿಸಿದ. ಆಕೆ ಪೂರ್ತಿ ಕೇಳಿಸಿಕೊಂಡು ಸಾಲಿನತ್ತ ತಿರುಗಿದಳು. "ಇಲ್ಲಿ ಇವರು ಕೆಲಸ ಮಾಡಿರೋ ಗಾಡಿ ಯಾವುದಾದ್ರೂ ಇದೆಯಾ?"

ವ್ಯಾನಪ್ಪ ಎರಡು ಬೆರಳು ಎತ್ತಿದ.

ಆಕೆ ಮೊಣಕಾಲೂರಿ ಎರಡೂ ವ್ಯಾನುಗಳ ದೀಪದ ಮುಚ್ಚಳ ಬಿಚ್ಚಿಸಿದಳು. ಗಂಟುಗಳನ್ನು ಮುಟ್ಟಿ ನೋಡಿದಳು, ಪ್ರತಿ ದೀಪವನ್ನೂ ಮೂರು ಮೂರು ಸಲ ಹೊತ್ತಿಸಿ ಆರಿಸಿದಳು. ಅಂಥ ತಪಾಸಣೆ ಆ ಅಂಗಳ ಹಿಂದೆ ಕಂಡಿರಲಿಕ್ಕಿಲ್ಲ. ಎದ್ದು ಮೊಣಕಾಲು ಕೊಡವಿಕೊಳ್ಳುತ್ತ ಬಂದು ಹೇಳಿದಳು: "ಇಲ್ಲಿ ಎಲ್ಲ ಸರಿಯಾಗಿದೆ. ನಿಮ್ಮ ಸ್ವಂತದ್ದು ಮಾತ್ರ ಹೇಗೆ ಕೆಡ್ತು?"

"ಸ್ನೇಹಿತ ಸಹಾಯ ಮಾಡಿದ ಮೇಡಂ" ಎಂದ ಗಂಟಣ್ಣ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದಕ್ಕೆ ನಮ್ಮ ಕಾಗದದಲ್ಲಿ ಕಾಲಂ ಇಲ್ಲ" ಎಂದಳು. ಮನೆಗೆ ಕಳಿಸದೆ ಅರ್ಧ ಗಂಟೆ ಕೊಟ್ಟಳು. ಅಲ್ಲೇ, ಎಲ್ಲರ ಎದುರೇ, ಅತ್ತಿಗೆ ದೀಪ ಹಿಡಿದು "ಕೆಂಪು", "ಹಳದಿ" ಎಂದು ಗಟ್ಟಿಯಾಗಿ ಹೇಳಿದರು. ಅವನು ನಿಧಾನವಾಗಿ, ಬೇಕೆಂದೇ ಇನ್ನಷ್ಟು ನಿಧಾನವಾಗಿ, ಎರಡು ದೀಪ ಅದಲುಬದಲು ಮಾಡಿದ. ನನ್ನನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿದ್ದರು.

ಟ್ರೈಲರು ಪಾಸಾಯಿತು, ಇಬ್ಬರೂ ಅಲ್ಲಿಂದಲೇ ಕಡಲಿಗೆ ಹೊರಟರು. ವ್ಯಾನಪ್ಪ ಒಂದು ಮಾತೂ ಆಡದೆ ತನ್ನ ಗಾಡಿ ಹತ್ತಿ ಹೋಗಿದ್ದ. ಆ ಎಂಟು ದಿನ ಗಂಟಣ್ಣ ನನಗೆ ದಿನವೂ ಫೋನು ಮಾಡಿದ. ಕಡಲು ಹೇಗಿದೆ ಎಂದರೆ "ಇದೆ" ಎನ್ನುತ್ತಿದ್ದ. "ಅಂಗಡಿ ಕಡೆ ಹೋಗಿದ್ಯಾ? ಯಾರಾದ್ರೂ ಏನಾದ್ರೂ ಅಂದ್ರಾ?" ಎಂಬುದೇ ಅವನ ಮಾತು. ಅಂದಿದ್ದರು. ಡಿಪೋದಲ್ಲಿ ಅದೇ ಸುದ್ದಿ. ಎರಡು ಟ್ಯಾಕ್ಸಿ ಇಟ್ಟುಕೊಂಡಿದ್ದವನೊಬ್ಬ "ಇನ್ನು ನಾನಂತೂ ಅಲ್ಲಿಗೆ ಹೋಗಲ್ಲಪ್ಪ" ಎಂದದ್ದನ್ನು ನಾನೇ ಕೇಳಿದ್ದೆ. ಅದನ್ನು ಹೇಳಿದೆ, ಅವನಿಂದ ಏನನ್ನೂ ಮುಚ್ಚಿಡುವ ಮುಖ ನನಗೆ ಉಳಿದಿರಲಿಲ್ಲ. "ಹೂಂ. ಅವನ ಗಾಡಿಯ ಎಡಗಡೆ ಸಾಕೆಟ್ಟು ಸಡಿಲ ಇದೆ. ಎಲ್ಲಿಗೆ ಹೋದ್ರೂ ಅದನ್ನ ಹೇಳಿ ಮಾಡಿಸ್ಕೊಳ್ಳೋಕೆ ಹೇಳು" ಎಂದ.

ಮರಳಿ ಬಂದು ಅಂಗಡಿ ತೆರೆದ ಬೆಳಿಗ್ಗೆ ನಾನು ಅಚ್ಚುಮನೆಗೆ ಹೋಗದೆ ಬಸ್ಸಿನ ಸೀಟಿನಲ್ಲಿ ಕೂತಿದ್ದೆ. ಎಂಟಾಯಿತು, ಒಂಬತ್ತಾಯಿತು. ಯಾರೂ ಬರಲಿಲ್ಲ. ಅವನು ಬಲ್ಬಿನ ಡಬ್ಬಿಗಳನ್ನು ಕಪಾಟಿನಿಂದ ಇಳಿಸಿ ಒರೆಸಿ ಮತ್ತೆ ಏರಿಸಿದ. ಹತ್ತರ ಹೊತ್ತಿಗೆ ವ್ಯಾನಪ್ಪನ ವ್ಯಾನು ಬಂದು ನಿಂತಿತು. ಆತ ಇಳಿದು, ಹಿಂದಿನ ದೀಪದ ಕಡೆ ಕೈ ತೋರಿಸಿದ.

"ಇಂಡಿಕೇಟರ್ ಹೋಗಿದೆ."

ಗಂಟಣ್ಣ ಒರೆಸುವ ಬಟ್ಟೆ ಕೆಳಗಿಟ್ಟ. "ಅವತ್ತು ನಾನು ಹೇಳಿದ್ದು ಕೇಳಿಸ್ತಲ್ಲ? ನನಗೆ ಬಣ್ಣ ಗೊತ್ತಾಗಲ್ಲ."

"ಕೇಳಿಸ್ತು."

"ಮಕ್ಕಳು ಕೂರೋ ಗಾಡಿ."

"ಹೌದು." ವ್ಯಾನಪ್ಪ ಮೀಸೆ ಸವರಿಕೊಂಡ. ಆತ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಹಿಂದೆಯೂ ಕೇಳಿಲ್ಲ, ಮುಂದೆಯೂ ಕೇಳಲಿಲ್ಲ. "ನನಗೆ ಬಣ್ಣ ಗೊತ್ತಾಗುತ್ತೆ, ರಿಪೇರಿ ಬರಲ್ಲ. ನಿಮಗೆ ರಿಪೇರಿ ಬರುತ್ತೆ. ಅವಸರ ಅಂತ ಬರೆಯೋಕೆ ಬಿಡದೆ ಇದ್ರಲ್ಲ, ಅದು ಸಾಕು. ಎಷ್ಟು ಹೊತ್ತಾಗುತ್ತೆ?"

"ಅರ್ಧ ಗಂಟೆ."

"ಮುಕ್ಕಾಲು ಮಾಡಿ" ಎಂದು ಆತ ಬಂದು ನನ್ನ ಪಕ್ಕ ಕೂತ.

ಗಂಟಣ್ಣ ಮುಚ್ಚಳ ಬಿಚ್ಚಿ ತಲೆ ಒಳಗೆ ತೂರಿಸಿದ. ಗಾಡಿಯ ಕಂಪನಿಯವರೇ ಹಾಕಿದ್ದ, ಗಂಟಿಲ್ಲದ ವೈರೊಂದನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆಳೆದ. ಟೆಸ್ಟ್ ಲ್ಯಾಂಪು ಪಕ್ಕದಲ್ಲೇ ಇತ್ತು. ಅದಕ್ಕೆ ಕೈ ಹಾಕಲಿಲ್ಲ.

"ಪಂಡಿತ, ಇದು ಯಾವ ಬಣ್ಣ?"

ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಕೇಳಿದ ಮೊದಲ ಬಣ್ಣ ಅದು. ನಾನು ಎದ್ದು ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ಬೆಳಕಿಗೆ ತಿರುಗಿಸಿ ಎರಡು ಸಲ ನೋಡಿದೆ.

"ಕಂದು. ಮೇಲೊಂದು ಬಿಳಿ ಗೆರೆ."

"ವಿಶೇಷಣ ಬೇಡ" ಎಂದ. "ಕತ್ತರಿ ಎಲ್ಲಿದೆ? ನಿನ್ನ ಕೈಯಲ್ಲಿಲ್ಲ ತಾನೇ?"

ಆಮೇಲಿನ ಆರು ವರ್ಷ ಅವನು ಕಂಡಕಂಡವರನ್ನೆಲ್ಲ ಬಣ್ಣ ಕೇಳಿದ. ವೈರಿನದ್ದು, ಬಸ್ಸಿನದ್ದು, ಬೀದಿಯಲ್ಲಿ ಹೋಗುವವರ ಕೊಡೆಯದ್ದು. ಟ್ಯಾಕ್ಸಿಯವನು ಮರಳಿ ಬರಲಿಲ್ಲ. ಉಳಿದವರು ಬರುತ್ತ ಹೋದರು, ಬಂದವರು ಕೇಳುವ ಮೊದಲೇ "ಇದು ಕೆಂಪು, ಗಂಟಣ್ಣ" ಎಂದು ಹೇಳಿ ಕೂರುತ್ತಿದ್ದರು.